ಸೋಲಿಲ್ಲದ ಒಂದು ಸೀಸನ್: ಅಮೆರಿಕದ ಕಾಲೇಜು ವನಿತೆಯರ ಐಸ್ ಹಾಕಿ

ಹಾಕಿ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನಗಳು, ಅಲ್ಲಿನ ಕೌಟುಂಬಿಕ ಹಾಕಿ ಉತ್ಸವ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಮತ್ತು ಕೆನಡಾದಲ್ಲಿ ಇದೇ ಪದಕ್ಕೆ ಬೇರೆಯೇ ಅರ್ಥವಿದೆ. ಅಲ್ಲಿ ಬರಿಯ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಹುಲ್ಲಿನ ಮೇಲೆ ಆಡುವುದನ್ನು ಗುರುತಿಸಲು 'ಫೀಲ್ಡ್ ಹಾಕಿ' ಎಂದು ವಿಶೇಷಣ ಸೇರಿಸಬೇಕಾಗುತ್ತದೆ.

ಈ ಐಸ್ ಹಾಕಿಯಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದ ವನಿತಾ ತಂಡವು 2012-13ರಲ್ಲಿ ಆಡಿದ 41 ಪಂದ್ಯಗಳಲ್ಲಿ 41ನ್ನೂ ಗೆದ್ದಿತು. ಒಂದು ಸೋಲಿಲ್ಲ, ಒಂದು ಡ್ರಾ ಕೂಡ ಇಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ವನಿತೆಯರಿಗಾಗಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆರಂಭಿಸಿದ 2001ರಿಂದ 2025ರವರೆಗೆ ಇಂತಹ ಸಾಧನೆ ಮತ್ತೊಂದಿಲ್ಲ. ಪುರುಷರ ವಿಭಾಗದಲ್ಲಿಯೂ ಇದಕ್ಕೆ ಸರಿದೂಗುವುದು 1970ರಲ್ಲಿ 29 ಪಂದ್ಯಗಳನ್ನೂ ಗೆದ್ದ ಕಾರ್ನೆಲ್ ವಿಶ್ವವಿದ್ಯಾನಿಲಯದ ತಂಡ ಮಾತ್ರ. ಆದರೆ ಆ ಸೀಸನ್ನಿನಲ್ಲಿ ಮಿನ್ನೆಸೋಟವನ್ನು ಸೋಲಿನ ಅಂಚಿಗೆ ತಂದು ನಿಲ್ಲಿಸಿದ್ದ ಎದುರಾಳಿ ಕಾಲೇಜು ತಂಡವೇ ನಾಲ್ಕು ವರ್ಷಗಳ ನಂತರ ಇಲ್ಲವಾಯಿತು. ಅದನ್ನು ಮುಚ್ಚಿದ್ದು ಸೋಲಲ್ಲ, ವಿಶ್ವವಿದ್ಯಾನಿಲಯದ ಆಯವ್ಯಯ ಪತ್ರ. ಗೆಲುವಿನ ದಾಖಲೆಯಷ್ಟೇ ಗಮನಾರ್ಹವಾದ ಸಂಗತಿ ಇದು.

ಆಟದ ಪರಿಚಯ

ಐಸ್ ಹಾಕಿಯಲ್ಲಿ ಪ್ರತಿ ತಂಡದ ಆರು ಮಂದಿ ಅಂಗಳದಲ್ಲಿರುತ್ತಾರೆ: ಗೋಲ್‌ಕೀಪರ್, ಇಬ್ಬರು ರಕ್ಷಣಾ ಆಟಗಾರ್ತಿಯರು, ಮೂವರು ಮುನ್ನಡೆ ಆಟಗಾರ್ತಿಯರು. ಚೆಂಡಿನ ಬದಲು 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಅಂಗುಲ ವ್ಯಾಸ, ಒಂದು ಅಂಗುಲ ದಪ್ಪ, ಸುಮಾರು 170 ಗ್ರಾಂ ತೂಕ. ಮಂಜಿನ ಮೇಲೆ ಪುಟಿಯದಿರಲೆಂದು ಪಂದ್ಯಕ್ಕೆ ಮುನ್ನ ಅದನ್ನು ಶೈತ್ಯಪೆಟ್ಟಿಗೆಯಲ್ಲಿಟ್ಟು ಗಡ್ಡೆಗಟ್ಟಿಸುತ್ತಾರೆ. ತಲಾ 20 ನಿಮಿಷಗಳ ಮೂರು ಅವಧಿಗಳು. ವೇಗ ಎಷ್ಟಿರುತ್ತದೆಂದರೆ ಒಬ್ಬ ಆಟಗಾರ್ತಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಪೂರ್ಣ ಬಲದಿಂದ ಆಡಲಾರಳು. ಆದ್ದರಿಂದ ಆಟ ನಡೆಯುತ್ತಿರುವಾಗಲೇ ಮೂವರು ಒಳಬರುತ್ತಾರೆ, ಮೂವರು ಹೊರಹೋಗುತ್ತಾರೆ. ತಪ್ಪೆಸಗಿದವರು ಸಾಮಾನ್ಯವಾಗಿ ಎರಡು ನಿಮಿಷ ಅಂಗಳದ ಪಕ್ಕದ ಕಟಕಟೆಯಲ್ಲಿ ಕೂರಬೇಕು. ಅಷ್ಟು ಹೊತ್ತು ಆ ತಂಡ ಒಬ್ಬರು ಕಡಿಮೆ.

ಪುರುಷರ ಆಟದಲ್ಲಿ ಎದುರಾಳಿಗೆ ಮೈಯಿಂದ ಢಿಕ್ಕಿ ಹೊಡೆದು ಕೆಡಹುವುದು ನಿಯಮಬದ್ಧ. ಕಾಲೇಜು ವನಿತೆಯರ ಆಟದಲ್ಲಿ ಅದಕ್ಕೆ ಅವಕಾಶವಿಲ್ಲ. ಇದರಿಂದ ಆಟ ಸಪ್ಪೆಯಾಗುತ್ತದೆ ಎಂಬ ಮಾತು ಆಗಾಗ ಕೇಳಿಬರುವುದುಂಟು. ಆದರೆ ಪಕ್ ಅನ್ನು ಕೋಲಿನ ತುದಿಯಲ್ಲಿ ಕಾಪಾಡಿಕೊಂಡು ಸಾಗುವ ಚಾಕಚಕ್ಯತೆ, ಪಾಸ್‌ಗಳ ಹೆಣಿಗೆ ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ಬಲ್ಲವರು ಒಪ್ಪುತ್ತಾರೆ.

ಸೀಸನ್ ಎಂದರೆ ಆರು ತಿಂಗಳು

ಹೊಸಹೊಳಲಿನಿಂದ ಬಸ್ ಹತ್ತಿ ಕೆ.ಆರ್.ಪೇಟೆಯ ಕಾಲೇಜಿಗೆ ಹೋಗುವ ಕೊಕ್ಕೊ ಅಥವಾ ಕಬಡ್ಡಿ ಆಟಗಾರ್ತಿಗೆ 'ಸೀಸನ್' ಎಂಬ ಮಾತು ಹೊಸದೆನಿಸಬಹುದು. ಇಲ್ಲಿ ಅಂತರ ಕಾಲೇಜು ಪಂದ್ಯಾವಳಿ ಎಂದರೆ ಕೆಲವೇ ದಿನಗಳ ವ್ಯವಹಾರ. ಸೋತರೆ ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಗೆದ್ದವರಲ್ಲಿ ಕೆಲವರು ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾಗಿ ವಲಯ ಮಟ್ಟದ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗೆ ಹೋಗುತ್ತಾರೆ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿನ ಕಾಲೇಜು ಐಸ್ ಹಾಕಿ ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಆರಂಭವಾಗಿ ಮಾರ್ಚ್ ತಿಂಗಳಲ್ಲಿ ಮುಗಿಯುತ್ತದೆ. ನೆರೆಹೊರೆಯ ರಾಜ್ಯಗಳ ವಿಶ್ವವಿದ್ಯಾನಿಲಯಗಳು ಸೇರಿ ಒಂದು ಲೀಗ್ ಮಾಡಿಕೊಂಡಿರುತ್ತವೆ. ವಾರದ ದಿನಗಳಲ್ಲಿ ತರಗತಿ ಮತ್ತು ಅಭ್ಯಾಸ, ವಾರಾಂತ್ಯದಲ್ಲಿ ಒಂದೇ ಎದುರಾಳಿಯೊಡನೆ ಬೆನ್ನುಬೆನ್ನಿಗೆ ಎರಡು ಪಂದ್ಯ. ಮಿನ್ನೆಸೋಟ ಆಡುತ್ತಿದ್ದ ಪಶ್ಚಿಮದ ಲೀಗಿನಲ್ಲಿ ಆಗ ಎಂಟು ತಂಡಗಳಿದ್ದವು. ಪ್ರತಿಯೊಂದು ತಂಡ ಉಳಿದ ಏಳರೊಡನೆ ನಾಲ್ಕು ಬಾರಿ ಆಡಬೇಕು. ಅಲ್ಲಿಗೆ 28 ಪಂದ್ಯ. ಲೀಗಿನ ಹೊರಗಿನ ತಂಡಗಳೊಡನೆ ಇನ್ನಷ್ಟು. ಬಳಿಕ ಲೀಗಿನ ಪ್ಲೇ-ಆಫ್, ಕೊನೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್.

ರಾಷ್ಟ್ರೀಯ ಘಟ್ಟಕ್ಕೆ 2001ರಲ್ಲಿ ಪ್ರವೇಶ ಪಡೆದದ್ದು ನಾಲ್ಕೇ ತಂಡಗಳು. 2005ರಿಂದ ಎಂಟು, 2022ರಿಂದ ಹನ್ನೊಂದು. ಉಪಾಂತ್ಯ ತಲುಪುವ ನಾಲ್ಕು ತಂಡಗಳ ಕೂಟಕ್ಕೆ 'ಫ್ರೋಜನ್ ಫೋರ್' ಎಂದು ಹೆಸರು. ವರ್ಷದ ಶ್ರೇಷ್ಠ ಆಟಗಾರ್ತಿಗೆ 1998ರಿಂದ ಪ್ಯಾಟಿ ಕಾಜ್‌ಮೇಯರ್ ಪ್ರಶಸ್ತಿ ನೀಡಲಾಗುತ್ತಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪರ ಆಡಿದ್ದ ಕಾಜ್‌ಮೇಯರ್ ಅಪರೂಪದ ರಕ್ತಸಂಬಂಧಿ ಕಾಯಿಲೆಯಿಂದ 1990ರಲ್ಲಿ ತಮ್ಮ 28ನೆಯ ವಯಸ್ಸಿನಲ್ಲಿ ನಿಧನರಾದರು.

ಇಷ್ಟೆಲ್ಲ ವ್ಯವಸ್ಥೆ ಔದಾರ್ಯದಿಂದ ಬಂದದ್ದಲ್ಲ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗಭೇದ ಮಾಡಕೂಡದೆಂಬ 'ಟೈಟಲ್ ನೈನ್' ಎಂಬ ಕಾನೂನು 1972ರಲ್ಲಿ ಜಾರಿಗೆ ಬಂತು. ಪುರುಷರಿಗೆ ತಂಡ, ತರಬೇತುದಾರ, ವಿದ್ಯಾರ್ಥಿವೇತನ ಕೊಡುವ ವಿಶ್ವವಿದ್ಯಾನಿಲಯ ವನಿತೆಯರಿಗೂ ಕೊಡಬೇಕಾಯಿತು. ಆದರೂ ಕಾನೂನು ಬಂದು ಕಾಲು ಶತಮಾನ ಕಳೆದ ಮೇಲೆ, 1997-98ರಲ್ಲಷ್ಟೇ ಮಿನ್ನೆಸೋಟದ ವನಿತಾ ತಂಡ ಅಧಿಕೃತವಾಗಿ ಕಣಕ್ಕಿಳಿಯಿತು. ಒಲಿಂಪಿಕ್ಸ್‌ನಲ್ಲಿ ವನಿತೆಯರ ಐಸ್ ಹಾಕಿ ಮೊದಲ ಬಾರಿ ಕಾಣಿಸಿಕೊಂಡದ್ದೂ ಅದೇ ಚಳಿಗಾಲದಲ್ಲಿ, 1998ರ ನಗಾನೊ ಕೂಟದಲ್ಲಿ. 2002ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿರುವ ಈ ವಿಶ್ವವಿದ್ಯಾನಿಲಯದ ಆವರಣದಲ್ಲಿ ರಿಡ್ಡರ್ ಅರೀನಾ ತೆರೆಯಿತು. ಕಾಲೇಜು ವನಿತೆಯರ ಹಾಕಿಗೆಂದೇ ಅಮೆರಿಕದಲ್ಲಿ ಕಟ್ಟಿದ ಮೊದಲ ಕ್ರೀಡಾಂಗಣ ಇದು. ಸುಮಾರು 3,400 ಆಸನಗಳು. ರಿಂಕ್ ಸ್ವಂತದ್ದಾದಾಗ ಪುರುಷರ ತಂಡ ಬಿಟ್ಟುಕೊಟ್ಟ ಹೊತ್ತಿನಲ್ಲಿ, ಬೆಳಗಿನ ಜಾವವೋ ನಡುರಾತ್ರಿಯೋ ಅಭ್ಯಾಸ ಮಾಡುವ ಪಾಡು ತಪ್ಪುತ್ತದೆ.

2012-13ರ ತಂಡ

ಬ್ರಾಡ್ ಫ್ರಾಸ್ಟ್ ತರಬೇತಿಯ ಮಿನ್ನೆಸೋಟ ತಂಡ ಹಿಂದಿನ ವರ್ಷದ ಚಾಂಪಿಯನ್ ಆಗಿಯೇ ಈ ಸೀಸನ್ನಿಗೆ ಕಾಲಿಟ್ಟಿತು. ಹಿಂದಿನ ಸೀಸನ್ನಿನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದಿತ್ತು. ಮುನ್ನಡೆ ಸಾಲಿನಲ್ಲಿ ಅಮಾಂಡ ಕೆಸ್ಸೆಲ್, ರಕ್ಷಣೆಯಲ್ಲಿ ಮೇಗನ್ ಬೋಜೆಕ್, ಗೋಲಿನಲ್ಲಿ ಫಿನ್ಲೆಂಡಿನ ನೂರಾ ರ್‍ಯಾತಿ. ಇವರೊಡನೆ ಮೊದಲ ವರ್ಷದ ವಿದ್ಯಾರ್ಥಿನಿ ಹಾನ್ನಾ ಬ್ರಾಂಟ್. ರ್‍ಯಾತಿ ಹದಿನಾರನೆಯ ವಯಸ್ಸಿನಲ್ಲೇ, 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದಿದ್ದವರು.

ಐಸ್ ಹಾಕಿಯಲ್ಲಿ ಗೋಲು ಹೊಡೆದವರಿಗೊಂದು ಅಂಕ, ಆ ಗೋಲಿಗೆ ನೆರವಾದ ಪಾಸ್ ಕೊಟ್ಟವರಿಗೂ ಒಂದೊಂದು ಅಂಕ. ಈ ಲೆಕ್ಕದಲ್ಲಿ ಕೆಸ್ಸೆಲ್ ಆ ಸೀಸನ್ನಿನಲ್ಲಿ 46 ಗೋಲು, 55 ನೆರವು, ಒಟ್ಟು 101 ಅಂಕ ಗಳಿಸಿದರು. ರ್‍ಯಾತಿ ಬಿಟ್ಟುಕೊಟ್ಟದ್ದು ಪಂದ್ಯಕ್ಕೆ ಸರಾಸರಿ ಒಂದು ಗೋಲಿಗಿಂತಲೂ ಕಡಿಮೆ. ಕಾಜ್‌ಮೇಯರ್ ಪ್ರಶಸ್ತಿಯ ಅಂತಿಮ ಮೂವರ ಪಟ್ಟಿ ಪ್ರಕಟವಾದಾಗ ಅದರಲ್ಲಿದ್ದವರು ಕೆಸ್ಸೆಲ್, ಬೋಜೆಕ್, ರ್‍ಯಾತಿ. ಮೂವರೂ ಒಂದೇ ತಂಡದವರು. ಪ್ರಶಸ್ತಿ ಕೆಸ್ಸೆಲ್ ಪಾಲಾಯಿತು.

ನಿಯಮಿತ ಸೀಸನ್ನಿನ 34 ಪಂದ್ಯಗಳನ್ನು ತಂಡ ಗೆದ್ದಿತು. ಲೀಗ್ ಪ್ಲೇ-ಆಫ್‌ನ ನಾಲ್ಕನ್ನೂ ಗೆದ್ದಿತು. ಉಳಿದದ್ದು ರಾಷ್ಟ್ರೀಯ ಘಟ್ಟದ ಮೂರೇ ಪಂದ್ಯ. ಇಲ್ಲಿಂದ ಮುಂದೆ ಸೋತರೆ ಮನೆಗೆ. 38 ಗೆಲುವುಗಳೂ ಆಗ ಲೆಕ್ಕಕ್ಕಿಲ್ಲ.

ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ನೆರೆರಾಜ್ಯದ ನಾರ್ತ್ ಡಕೋಟ ವಿಶ್ವವಿದ್ಯಾನಿಲಯ. ಲೀಗಿನಲ್ಲಿ ನಾಲ್ಕು ಬಾರಿ ಸೋಲಿಸಿದ್ದ ತಂಡವೇ ಆದರೂ ಇದು ಸುಲಭದ ತುತ್ತಾಗಿರಲಿಲ್ಲ. ಆ ತಂಡದಲ್ಲಿ ಅವಳಿ ಸಹೋದರಿಯರಾದ ಜೊಸ್ಲಿನ್ ಮತ್ತು ಮೊನೀಕ್ ಲಮೊರೊ ಇದ್ದರು. ಇಬ್ಬರೂ ತಮ್ಮ ಮೊದಲ ವರ್ಷವನ್ನು ಮಿನ್ನೆಸೋಟದಲ್ಲೇ ಆಡಿ, ಬಳಿಕ ತವರೂರಾದ ಗ್ರ್ಯಾಂಡ್ ಫೋರ್ಕ್ಸ್‌ನ ವಿಶ್ವವಿದ್ಯಾನಿಲಯಕ್ಕೆ ಮರಳಿದ್ದವರು. ನಿಗದಿತ 60 ನಿಮಿಷ ಮುಗಿದಾಗ ಸ್ಕೋರ್ 2-2. ಮೊದಲ ಹೆಚ್ಚುವರಿ ಅವಧಿಯಲ್ಲಿ ಗೋಲಿಲ್ಲ, ಎರಡನೆಯದರಲ್ಲೂ ಇಲ್ಲ. ಕೊನೆಗೆ ಮೂರನೆಯ ಹೆಚ್ಚುವರಿ ಅವಧಿಯಲ್ಲಿ ಮಿನ್ನೆಸೋಟ 3-2ರಿಂದ ಗೆದ್ದಿತು. ಸೋತ ತಂಡದ ಕಡೆ ಒಂದು ಪಕ್ ತುಸು ತಿರುಗಿದ್ದರೆ ಈ ಸೀಸನ್ ಬಗ್ಗೆ ಬರೆಯಲು ಕಾರಣವೇ ಇರುತ್ತಿರಲಿಲ್ಲ.

ಸೆಮಿಫೈನಲ್‌ನಲ್ಲಿ ಬಾಸ್ಟನ್ ಕಾಲೇಜಿನ ಎದುರೂ ಅದೇ ಕಥೆ: ಹೆಚ್ಚುವರಿ ಅವಧಿಯಲ್ಲಿ 3-2ರ ಗೆಲುವು. 2013ರ ಮಾರ್ಚ್ 24ರಂದು ರಿಡ್ಡರ್ ಅರೀನಾದಲ್ಲೇ ನಡೆದ ಫೈನಲ್‌ನಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯವನ್ನು 6-3ರಿಂದ ಮಣಿಸಿದಾಗ 41ನೆಯ ಗೆಲುವು ದಾಖಲಾಯಿತು. (ಬಾಸ್ಟನ್ ಕಾಲೇಜು ಮತ್ತು ಬಾಸ್ಟನ್ ವಿಶ್ವವಿದ್ಯಾನಿಲಯ ಬೇರೆ ಬೇರೆ ಸಂಸ್ಥೆಗಳು.)

ಮುಂದಿನ ಸೀಸನ್ನಿನ ಮೊದಲ 13 ಪಂದ್ಯಗಳನ್ನೂ ಗೆದ್ದು ಮಿನ್ನೆಸೋಟ ತನ್ನ ಸತತ ಗೆಲುವುಗಳ ಸಂಖ್ಯೆಯನ್ನು 62ಕ್ಕೆ ಏರಿಸಿತು. 2013ರ ನವೆಂಬರ್ 17ರಂದು ಆ ಸರಪಣಿಯನ್ನು 3-2ರಿಂದ ಕಡಿದದ್ದು ಬೇರಾರೂ ಅಲ್ಲ, ನಾರ್ತ್ ಡಕೋಟ.

ಆ ನಂತರ 41-0ರ ಸಮೀಪಕ್ಕೆ ಬಂದದ್ದು ಒಂದೇ ತಂಡ. 2015-16ರಲ್ಲಿ ಬಾಸ್ಟನ್ ಕಾಲೇಜು 40 ಪಂದ್ಯಗಳನ್ನು ಗೆದ್ದು ಫೈನಲ್‌ಗೆ ಬಂತು. ಎದುರಿಗಿದ್ದದ್ದು ಮಿನ್ನೆಸೋಟ. ತಲೆಗಾದ ಪೆಟ್ಟಿನಿಂದ ದೀರ್ಘಕಾಲ ಆಟದಿಂದ ದೂರವಿದ್ದ ಕೆಸ್ಸೆಲ್ ಆ ವರ್ಷದ ಫೆಬ್ರುವರಿಯಲ್ಲಷ್ಟೇ ಮರಳಿದ್ದರು. ಮಿನ್ನೆಸೋಟ 3-1ರಿಂದ ಗೆದ್ದಿತು. ಗೆಲುವಿನ ಗೋಲು ಕೆಸ್ಸೆಲ್ ಅವರದು.

ಪದವಿಯ ನಂತರ

ಇಂತಹ ಆಟಗಾರ್ತಿಯರು ಪದವಿ ಮುಗಿಸಿ ಹೋಗುವುದೆಲ್ಲಿಗೆ? 2013ರಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉತ್ತರವಿರಲಿಲ್ಲ. ರ್‍ಯಾತಿ ತಾಯ್ನಾಡಿಗೆ ಹಿಂದಿರುಗಿ ಪುರುಷರ ಕೆಳ ದರ್ಜೆಯ ಲೀಗಿನಲ್ಲಿ ಗೋಲ್‌ಕೀಪರ್ ಆದರು. ಉಳಿದವರಿಗೆ ದೊಡ್ಡ ವೇದಿಕೆ ಎಂದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ಒಲಿಂಪಿಕ್ಸ್. 2014ರ ಸೋಚಿ ಫೈನಲ್‌ನಲ್ಲಿ ಕೆಸ್ಸೆಲ್ ಮತ್ತು ಬೋಜೆಕ್ ಇದ್ದ ಅಮೆರಿಕ 2-0 ಮುನ್ನಡೆಯಲ್ಲಿತ್ತು. ಒಂದು ನಿಮಿಷಕ್ಕೂ ಕಡಿಮೆ ಸಮಯ ಉಳಿದಿದ್ದಾಗ ಕೆನಡಾ ಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯಲ್ಲಿ ಚಿನ್ನ ಗೆದ್ದಿತು. ಆ ಎರಡೂ ಗೋಲು ಮರಿ-ಫಿಲಿಪ್ ಪೂಲನ್ ಅವರವು. ರಿಡ್ಡರ್ ಅರೀನಾದಲ್ಲಿ ಸೋತ ಬಾಸ್ಟನ್ ವಿಶ್ವವಿದ್ಯಾನಿಲಯದ ತಂಡದಲ್ಲಿ ಅವರಿದ್ದರು.

ಉತ್ತರ ಅಮೆರಿಕದ ಪ್ರಮುಖ ಆಟಗಾರ್ತಿಯರೆಲ್ಲ ಒಂದೇ ವೃತ್ತಿಪರ ಲೀಗಿನಲ್ಲಿ ಸೇರಿದ್ದು 2024ರ ಜನವರಿ 1ರಂದು ಪಿಡಬ್ಲ್ಯುಎಚ್ಎಲ್ ಆರಂಭವಾದಾಗ. ಅದರ ಮೊದಲ ಎರಡು ಪ್ರಶಸ್ತಿಗಳನ್ನು ಗೆದ್ದದ್ದು ಮಿನ್ನೆಸೋಟ ರಾಜ್ಯದ ತಂಡ ಎಂಬುದು ಕಾಕತಾಳೀಯವಲ್ಲ. ಕಾಲೇಜು ಹಾಕಿ ಬೇರೂರಿದ ನೆಲ ಅದು.

ಮುಚ್ಚಿದ ತಂಡ

ಮತ್ತೆ ನಾರ್ತ್ ಡಕೋಟಕ್ಕೆ ಬರಬೇಕು. 2017ರ ವಸಂತದಲ್ಲಿ ಅಮೆರಿಕದ ರಾಷ್ಟ್ರೀಯ ವನಿತಾ ತಂಡ ನ್ಯಾಯಯುತ ಸಂಭಾವನೆಗಾಗಿ ತನ್ನದೇ ಒಕ್ಕೂಟದ ವಿರುದ್ಧ ನಿಂತು, ತಾಯ್ನೆಲದಲ್ಲೇ ನಡೆಯಲಿದ್ದ ವಿಶ್ವ ಚಾಂಪಿಯನ್‌ಷಿಪ್ ಬಹಿಷ್ಕರಿಸುವುದಾಗಿ ಘೋಷಿಸಿತ್ತು. ಲಮೊರೊ ಸಹೋದರಿಯರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಮಾರ್ಚ್ 28ರಂದು ಒಪ್ಪಂದವಾಯಿತು. ಮರುದಿನವೇ ಅವರು ಓದಿದ ವಿಶ್ವವಿದ್ಯಾನಿಲಯ ವನಿತಾ ಹಾಕಿ ತಂಡವನ್ನು ರದ್ದುಪಡಿಸಿರುವುದಾಗಿ ಪ್ರಕಟಿಸಿತು. ಈಜು ಮತ್ತು ಡೈವಿಂಗ್ ತಂಡಗಳೂ ಅದೇ ಪಟ್ಟಿಯಲ್ಲಿದ್ದವು.

ರಾಜ್ಯ ಸರ್ಕಾರದ ಅನುದಾನ ಕಡಿತ ವಿಶ್ವವಿದ್ಯಾನಿಲಯ ನೀಡಿದ ಕಾರಣ. ಪುರುಷರ ಹಾಕಿ ತಂಡ ಮಾತ್ರ ಉಳಿಯಿತು. ಅದಕ್ಕೆ ಟಿಕೆಟ್ ಆದಾಯವಿದೆ, ದಾನಿಗಳಿದ್ದಾರೆ, ಹಳೆಯ ಹೆಸರಿದೆ. 2002ರಲ್ಲಿ ಆರಂಭವಾದ ವನಿತಾ ತಂಡಕ್ಕೆ ಅಂತಹ ಬೆಂಬಲ ಕಟ್ಟಿಕೊಳ್ಳಲು ಹದಿನೈದು ವರ್ಷ ಸಾಲಲಿಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ಈ ನಿರ್ಧಾರಕ್ಕೆ ತರ್ಕವಿರಬಹುದು. ಆದರೆ ಹೀಗೆ ಲಾಭನಷ್ಟ ನೋಡಿ ತಂಡ ಇಡುವುದಾದರೆ ವನಿತೆಯರಿಗೆ ಯಾವ ಕಾಲಕ್ಕೂ ತಂಡವಿರುವುದಿಲ್ಲ ಎಂಬ ಕಾರಣಕ್ಕೇ ಅಲ್ಲವೇ 1972ರ ಕಾನೂನು ಬಂದದ್ದು? ಮಾಜಿ ಆಟಗಾರ್ತಿಯರು ಅದೇ ಕಾನೂನಿನ ಆಧಾರದ ಮೇಲೆ 2018ರಲ್ಲಿ ಮೊಕದ್ದಮೆ ಹೂಡಿದರು. ಕೆಳ ನ್ಯಾಯಾಲಯ ವಜಾ ಮಾಡಿದ ಪ್ರಕರಣಕ್ಕೆ 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಮರುಜೀವ ನೀಡಿತು.

ಅಷ್ಟರಲ್ಲಿ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಮುಗಿದಿತ್ತು. ಕೆನಡಾ ವಿರುದ್ಧದ ಫೈನಲ್‌ನಲ್ಲಿ ಸಮಬಲದ ಗೋಲು ಹೊಡೆದದ್ದು ಮೊನೀಕ್ ಲಮೊರೊ. ಶೂಟೌಟ್‌ನಲ್ಲಿ ಚಿನ್ನ ತಂದುಕೊಟ್ಟ ಗೋಲು ಜೊಸ್ಲಿನ್ ಅವರದು. ಇಬ್ಬರನ್ನೂ ಬೆಳೆಸಿದ ಕಾಲೇಜು ತಂಡ ಆ ಹೊತ್ತಿಗೆ ಇರಲಿಲ್ಲ.

ಭಾರತದಲ್ಲಿ

ಭಾರತದಲ್ಲಿ ವನಿತೆಯರ ಐಸ್ ಹಾಕಿಯ ಹಿಂದೆ ವಿಶ್ವವಿದ್ಯಾನಿಲಯಗಳ ಲೀಗ್ ಯಾವುದೂ ಇಲ್ಲ. ಆಟದ ನೆಲೆ ಲಡಾಖ್, ಜೊತೆಗೆ ಹಿಮಾಚಲದ ಸ್ಪಿತಿ ಕಣಿವೆ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಕೆರೆಕುಂಟೆಗಳು ಹೆಪ್ಪುಗಟ್ಟುವ ಎರಡು ತಿಂಗಳಷ್ಟೇ ಬಹುಕಾಲ ಅಲ್ಲಿನ ಸೀಸನ್ ಆಗಿತ್ತು. ಕಾಲೇಜು ತಂಡಕ್ಕೆ ಹತ್ತಿರವಾದದ್ದೆಂದರೆ ಲೇಹ್ ಬಳಿಯ ಫೇ ಗ್ರಾಮದ ಸೆಕ್ಮೋಲ್ ಸಂಸ್ಥೆಯ ಹುಡುಗಿಯರ ಆಟ. ಸೋನಂ ವಾಂಗ್ಚುಕ್ ಮತ್ತು ಗೆಳೆಯರು 1988ರಲ್ಲಿ ಹುಟ್ಟುಹಾಕಿದ ಈ ಶಿಕ್ಷಣ ಸಂಸ್ಥೆಯಲ್ಲಿ ವಿದ್ಯಾರ್ಥಿಗಳೇ ನೀರು ಹಾಯಿಸಿ ಮಂಜಿನ ಅಂಗಳ ಮಾಡಿಕೊಳ್ಳುತ್ತಾರೆ.

ರಾಷ್ಟ್ರೀಯ ವನಿತಾ ತಂಡ ಮೊದಲ ಬಾರಿ ಅಂತಾರಾಷ್ಟ್ರೀಯ ಪಂದ್ಯವಾಡಿದ್ದು 2016ರಲ್ಲಿ, ತೈಪೆಯಲ್ಲಿ. ಮರುವರ್ಷ ಬ್ಯಾಂಕಾಕ್‌ಗೆ ತೆರಳಲು ಸಾರ್ವಜನಿಕರಿಂದ ಹಣ ಸಂಗ್ರಹಿಸಬೇಕಾಯಿತು. ಅಲ್ಲಿ ಫಿಲಿಪ್ಪೀನ್ಸ್ ವಿರುದ್ಧ 4-3ರ ಮೊದಲ ಗೆಲುವು ದೊರೆಯಿತು. ಗೋಲ್‌ಕೀಪರ್ ನೂರ್ ಜಹಾನ್ ವೃತ್ತಿಯಿಂದ ಪ್ರಾಚೀನ ಚಿತ್ರಕಲೆಯ ಸಂರಕ್ಷಕಿ. ಕೆನಡಾದ ಒಲಿಂಪಿಕ್ ತಾರೆ ಹೇಲಿ ವಿಕೆನ್‌ಹೈಸರ್ 2018ರ ಜನವರಿಯಲ್ಲಿ ಆಟದ ಸಲಕರಣೆಗಳೊಡನೆ ಲಡಾಖ್‌ಗೆ ಬಂದು ತರಬೇತಿ ನೀಡಿದರು.

ಕೃತಕ ರಿಂಕ್‌ಗಳ ಚರಿತ್ರೆ ಹೆಮ್ಮೆಪಡುವಂಥದ್ದಲ್ಲ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನ್‌ನಲ್ಲಿ ಕಟ್ಟಿದ ರಿಂಕ್ ನಿರ್ವಹಣೆಯಿಲ್ಲದೆ ಮುಚ್ಚಿಹೋಗಿ, 2025ರಲ್ಲಷ್ಟೇ ಮತ್ತೆ ತೆರೆಯಿತು. ಅಷ್ಟು ವರ್ಷ ರಾಷ್ಟ್ರೀಯ ಆಟಗಾರ್ತಿಯರು ಬೇಸಿಗೆಯ ಅಭ್ಯಾಸಕ್ಕೆ ಗುರುಗ್ರಾಮದ ಮಾಲ್ ಒಂದರ ಚಿಕ್ಕ ರಿಂಕ್ ಅನ್ನು ಆಶ್ರಯಿಸಿದ್ದರು.

ಮಂಜೇ ಬೀಳದ ಕರ್ನಾಟಕಕ್ಕೂ ಚಳಿಗಾಲದ ಕ್ರೀಡೆಗಳಲ್ಲಿ ಪಾಲಿದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2024ರ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ರಾಜ್ಯಕ್ಕೆ ನಾರ್ಡಿಕ್ ಸ್ಕೀಯಿಂಗ್ ಚಿನ್ನ ತಂದರು. ಇನ್ನು ಹಾಕಿಯಲ್ಲಿ ಸೋಲರಿಯದ ವನಿತಾ ತಂಡ ಎಂಬ ಮಾತಿಗೆ ಹಳೆಯ ಮೈಸೂರು ರಾಜ್ಯದಲ್ಲೇ ನಿದರ್ಶನವಿದೆ. ಹುಲ್ಲಿನ ಅಂಗಳದಲ್ಲಿ, 1960ರ ದಶಕದಲ್ಲಿ, ಬೆಂಗಳೂರಿನ ಎಲ್ವೆರಾ, ರೀಟಾ ಮತ್ತು ಮೇ ಬ್ರಿಟ್ಟೊ ಸಹೋದರಿಯರಿದ್ದ ಮೈಸೂರು ತಂಡ ಏಳು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತು. ತಂಡವನ್ನು ಮುನ್ನಡೆಸಿದ ಎಲ್ವೆರಾ 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು; ಹಾಕಿಯಲ್ಲಿ ಆ ಗೌರವ ಪಡೆದ ಎರಡನೆಯ ಮಹಿಳೆ ಅವರು. 2022ರ ಏಪ್ರಿಲ್‌ನಲ್ಲಿ ಅವರು ನಿಧನರಾದರು.

ಭಾರತದ ಐಸ್ ಹಾಕಿ ವನಿತೆಯರು ಮೊದಲ ಬಾರಿಗೆ ಏಷ್ಯಾ ಕಪ್ ಪದಕ ಗೆದ್ದದ್ದು 2025ರ ಜೂನ್‌ನಲ್ಲಿ. ತ್ಸೆವಾಂಗ್ ಚುಸ್ಕಿತ್ ನಾಯಕತ್ವದ ತಂಡಕ್ಕೆ ಕಂಚು ದೊರೆತದ್ದು ಮರುಭೂಮಿಯ ನಡುವಿನ ಅಲ್ ಐನ್ ನಗರದಲ್ಲಿ. ವರ್ಷವಿಡೀ ಮಂಜು ಹೆಪ್ಪುಗಟ್ಟಿರುವ ಒಳಾಂಗಣ ರಿಂಕ್ ಅಲ್ಲಿದೆ. ಆ ಹೊತ್ತಿಗೆ ಲೇಹ್‌ನ ಕೊಳಗಳಲ್ಲಿ ಮಂಜು ಕರಗಿ ನಾಲ್ಕು ತಿಂಗಳಾಗಿತ್ತು.